ಗಾಟಾದ 21 ತಿರುವು: ಹತ್ತಿದ್ದು, ಇಳಿದದ್ದು

ಹೋದ ಸಂಚಿಕೆಯಲ್ಲಿ ಮಳೆಗಾಲದ ವರಂಧಾ ಘಾಟ್‌ನಲ್ಲಿ ಸೈಕಲ್ ತುಳಿದ ಬಗ್ಗೆ ಬರೆದಿದ್ದೆ. ಅದನ್ನು ಓದಿ ಚಿಂಚವಾಡ, ಡೊಂಬಿವಲಿ, ಸಿಕಂದರಾಬಾದಿನಿಂದ ನಾಲ್ಕೈದು ಜನ ಒಂದೇ ಪ್ರಶ್ನೆ ಕೇಳಿದ್ದಾರೆ: "ನೀವು ಮನಾಲಿ–ಲೇಹ್ ಸೈಕಲ್ ಯಾತ್ರೆ ಮಾಡಿದ್ದೀರಂತೆ, ಅದರ ಬಗ್ಗೆ ಯಾಕೆ ಬರೆಯೋದಿಲ್ಲ?"

ಬರೆಯದಿರುವುದಕ್ಕೆ ಕಾರಣ ಸರಳ. ನಾನು ಅದನ್ನು ಮಾಡಿಲ್ಲ. ಹೊರಟೆ, ಅರ್ಧ ದಾರಿ ದಾಟಿದೆ, ವಾಪಸ್ ಬಂದೆ. ಲೇಹ್ ಇನ್ನೂ ಸುಮಾರು 200 ಕಿ.ಮೀ. ಇತ್ತು. ಪುಣೆಯ ಸೈಕಲ್ ಗೆಳೆಯರಿಗೆ "ರಜೆ ಮುಗಿಯಿತು" ಎಂದು ಹೇಳಿದ್ದೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈ ತಿಂಗಳು ಆ ಯಾತ್ರೆಯ ಒಂದೇ ಒಂದು ದಿನದ ಬಗ್ಗೆ ಬರೆಯುತ್ತೇನೆ. ಆರನೆಯ ದಿನ. ಸರ್ಚುವಿನಿಂದ ಪಾಂಗ್‌ಗೆ ಹೋಗಬೇಕಾಗಿದ್ದ ದಿನ.

ನಾವು ಇಬ್ಬರು. ನಾನು, ಮತ್ತು ನನ್ನ ಅಳಿಯ. ಅಳಿಯ ಎಂದರೆ ಅಕ್ಕನ ಮಗ. ಧಾರವಾಡದ ಹುಡುಗ, ಇಂಜಿನಿಯರಿಂಗ್ ಮುಗಿಸಿ ಪುಣೆಯ ಹಿಂಜವಡಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದ. ಅವನಿಗೆ ಸೈಕಲ್ ಹುಚ್ಚು ಹಿಡಿಸಿದವನು ನಾನೇ. ಪ್ರತಿ ಭಾನುವಾರ ಬೆಳಗ್ಗೆ ಐದಕ್ಕೆ ಎಬ್ಬಿಸಿ ಸಿಂಹಗಡಕ್ಕೆ ಕರೆದೊಯ್ಯುತ್ತಿದ್ದೆ. ಆರು ತಿಂಗಳಲ್ಲಿ ಅವನು ನನಗಿಂತ ಮೊದಲು ಮೇಲೆ ತಲುಪಿ, ಪಿಠಲ–ಭಾಕರಿಗೆ ಆರ್ಡರ್ ಮಾಡಿ ಕಾಯುತ್ತಿದ್ದ. ನನಗೆ ಐವತ್ತು ದಾಟಿತ್ತು, ಅವನಿಗೆ ಇಪ್ಪತ್ತನಾಲ್ಕು.

ಹೊರಡುವ ಮುಂಚೆ ಅಕ್ಕ ಧಾರವಾಡದಿಂದ ಒಂದು ಡಬ್ಬಿ ಶೇಂಗಾ ಹೋಳಿಗೆ, ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ಕಳಿಸಿದಳು. ಫೋನಿನಲ್ಲಿ ಒಂದೇ ಮಾತು ಹೇಳಿದಳು: "ಹುಡುಗನ್ನ ನೀ ಕರಕೊಂಡ ಹೊಂಟೀ. ನೀನ ತಿರುಗಿ ಕರಕೊಂಡ ಬರಬೇಕು ನೋಡು."

"ಏ, ನಾ ಅದೀನಲ್ಲ" ಅಂದಿದ್ದೆ.

*

ಈ ರಸ್ತೆಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮನಾಲಿಯಿಂದ ಲೇಹ್‌ಗೆ ಹಳೆಯ ದಾರಿಯಲ್ಲಿ ಸುಮಾರು 475 ಕಿ.ಮೀ. ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ವಾಹನಗಳಿಗೆ ದೂರ ಕಡಿಮೆಯಾಗಿದೆ. ನಾವು ರೋಹ್ತಾಂಗ್ ಹತ್ತಿಯೇ ಹೋದೆವು; ಗಾಡಿಗಳೆಲ್ಲ ಸುರಂಗಕ್ಕೆ ಹೋದದ್ದರಿಂದ ಆ ರಸ್ತೆ ಈಗ ಸೈಕಲ್ಲಿನವರ ಪಾಲಿಗೆ ಚೆನ್ನಾಗಿದೆ. ರೋಹ್ತಾಂಗ್ ಆದಮೇಲೆ ಬಾರಾಲಾಚಾ ಲಾ, ನಾಕೀ ಲಾ, ಲಾಚುಲುಂಗ್ ಲಾ, ಕೊನೆಗೆ ತಾಂಗ್ಲಾಂಗ್ ಲಾ. "ಲಾ" ಅಂದರೆ ಅಲ್ಲಿನ ಭಾಷೆಯಲ್ಲಿ ಕಣಿವೆಮಾರ್ಗ, ನಮ್ಮ ಘಾಟಿನ ನೆತ್ತಿ ಇದ್ದ ಹಾಗೆ.

ಏರು ಅಂಥಾ ಕಡಿದಾದದ್ದೇನಲ್ಲ. ಸೈನ್ಯದ ಲಾರಿಗಳು ಹತ್ತಬೇಕಾದ ರಸ್ತೆ, ಹಾಗಾಗಿ ಏರನ್ನು ಹದವಾಗಿ ಇಟ್ಟಿದ್ದಾರೆ. ನಮ್ಮ ಸಿಂಹಗಡದ ರಸ್ತೆ ಇದಕ್ಕಿಂತ ಕಡಿದು. ಕಷ್ಟವೆಲ್ಲ ಗಾಳಿಯದ್ದು. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಅಷ್ಟೇ. ಆದರೆ ಮೇಲೆ ಹೋದಂತೆ ಒತ್ತಡ ಇಳಿಯುತ್ತದೆ. ಸರ್ಚುವಿನ ಎತ್ತರದಲ್ಲಿ, ಸುಮಾರು 4,300 ಮೀಟರಿನಲ್ಲಿ, ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಶೇ. 60ರಷ್ಟು ಮಾತ್ರ.

ಇದಕ್ಕೆ ಶರೀರ ಹೊಂದಿಕೊಳ್ಳುತ್ತದೆ, ಆದರೆ ಸಮಯ ಬೇಕು. ವೈದ್ಯರು ಹೇಳುವ ನಿಯಮ ಇದು: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಎತ್ತರ ಹೆಚ್ಚಿಸದೆ ನಿಲ್ಲಬೇಕು. ಹಗಲು ಎಷ್ಟು ಹತ್ತಿದಿರಿ ಅನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಅನ್ನುವುದು ಮುಖ್ಯ.

ಈ ನಿಯಮ ನನಗೆ ಗೊತ್ತಿತ್ತು. ಪುಣೆಯಲ್ಲಿ ಗೋಡೆಯ ಮೇಲೆ ಕಾಗದ ಅಂಟಿಸಿ ಯೋಜನೆ ಬರೆದವನು ನಾನೇ. ಜಿಸ್ಪಾದಲ್ಲಿ (3,200 ಮೀ.) ಎರಡು ರಾತ್ರಿ, ಪಾತ್ಸಿಯೋದಲ್ಲಿ (3,800 ಮೀ.) ಒಂದು ರಾತ್ರಿ, ಆಮೇಲೆ ಜಿಂಗ್‌ಜಿಂಗ್‌ಬಾರ್, ಆಮೇಲೆ ಸರ್ಚು. ಆದರೆ ಮೊದಲನೆಯ ದಿನವೇ ರೈಲು ತಡವಾಗಿ ಚಂಡೀಗಢದಿಂದ ಬಸ್ಸು ತಪ್ಪಿ ಒಂದು ದಿನ ಹೋಯಿತು. ಮಢಿಯಲ್ಲಿ ಮಳೆ ಬಂದು ಇನ್ನೊಂದು ದಿನ ಹೋಯಿತು. ಹನ್ನೆರಡು ದಿನದ ರಜೆಯಲ್ಲಿ ಎರಡು ಕಳೆದರೆ ಹತ್ತು. ಹಾಗಾಗಿ ಜಿಸ್ಪಾದ ಎರಡನೆಯ ರಾತ್ರಿಯನ್ನು ತೆಗೆದೆ. ಪಾತ್ಸಿಯೋವನ್ನೂ ತೆಗೆದೆ. ಮಧ್ಯಾಹ್ನ ಎರಡಕ್ಕೆ ಅಲ್ಲಿಗೆ ಬಂದಿದ್ದೆವು, ಕಾಲಲ್ಲಿ ಇನ್ನೂ ಶಕ್ತಿ ಇತ್ತು. "ನಡಿ, ಇನ್ನ ಸ್ವಲ್ಪ ಹೋಗೂಣು" ಅಂದೆ. ಒಂದೇ ದಿನದಲ್ಲಿ 3,200ರಿಂದ 4,200ಕ್ಕೆ ಹೋಗಿ ಮಲಗಿದೆವು. ಅಂದರೆ ಎರಡು ದಿನದ ಏರು ಒಂದು ದಿನಕ್ಕೆ.

ಆ ರಾತ್ರಿ ಅಳಿಯನಿಗೆ ತಲೆ ನೋವು ಬಂತು. ನನಗೂ ಬಂದಿತ್ತು. ಇಬ್ಬರೂ ಒಂದೊಂದು ಪ್ಯಾರಾಸಿಟಮಾಲ್ ನುಂಗಿ ಮಲಗಿದೆವು. ಬೆಳಗ್ಗೆ ನನಗೆ ಹೋಗಿತ್ತು. ಅವನೂ "ಹೋತು" ಅಂದ.

*

ಸರ್ಚುವಿನಲ್ಲಿ ಬೆಳಗ್ಗೆ ಆರಕ್ಕೆ ಎದ್ದಾಗ ಬಾಟಲಿಯ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಆಗಸ್ಟ್ ಕೊನೆ. ಡೇರೆಯ ಹೊರಗೆ ವಿಶಾಲವಾದ ಬಯಲು, ಪಕ್ಕದಲ್ಲಿ ಆಳದಲ್ಲಿ ನದಿ, ಎದುರಿಗೆ ಬಿಸ್ಕತ್ತಿನ ಬಣ್ಣದ ಗುಡ್ಡಗಳು. ಹಿಮಾಚಲ ಮುಗಿದು ಲಡಾಖ್ ಶುರುವಾಗುವುದು ಇಲ್ಲೇ. ಮರ ಅನ್ನುವುದು ದಾರ್ಚಾದ ಹಿಂದೆಯೇ ಮುಗಿದಿತ್ತು.

ಕೊರೋನಾ ಕಾಲದಲ್ಲಿ ಎಲ್ಲರ ಮನೆಗೂ ಬಂದ ಆಕ್ಸಿಮೀಟರ್ ನಮ್ಮ ಹತ್ತಿರವೂ ಇತ್ತು. ಬೆರಳು ತೂರಿಸಿದೆ. ನನಗೆ 84. ಅಳಿಯನಿಗೆ 74.

"ಬೆರಳು ಥಂಡಿ ಆಗ್ಯಾವ ಮಾಮಾ, ಅದಕ್ಕ ಹಂಗ ತೋರಿಸ್ತದ" ಅಂದ.

ಬೆರಳು ತಣ್ಣಗಿದ್ದರೆ ಆಕ್ಸಿಮೀಟರ್ ಕಡಿಮೆ ತೋರಿಸುವುದು ನಿಜವೇ. ಕೈ ಉಜ್ಜಿ ಬಿಸಿ ಮಾಡಿ ಇನ್ನೊಮ್ಮೆ ನೋಡುವುದು ಎರಡು ನಿಮಿಷದ ಕೆಲಸ. ನಾನು ಅದನ್ನು ಮಾಡಲಿಲ್ಲ. ಚೀಲ ಕಟ್ಟುವ ಗಡಿಬಿಡಿಯಲ್ಲಿದ್ದೆ.

ತಿಂಡಿಗೆ ಡಾಬಾದಲ್ಲಿ ಆಮ್ಲೆಟ್, ಚಹಾ. ಅವನು ಚಹಾ ಮಾತ್ರ ಕುಡಿದ. ನಾನು ಡಬ್ಬಿ ತೆಗೆದು ಹೋಳಿಗೆ ಕೊಟ್ಟೆ. "ಒಲ್ಲೆ ಮಾಮಾ, ಆಮ್ಯಾಲ ತಿಂತೀನಿ" ಅಂದ. ಈ ಹುಡುಗ ಶೇಂಗಾ ಹೋಳಿಗೆ ಬೇಡ ಅಂದದ್ದನ್ನು ನಾನು ಅವನ ಇಪ್ಪತ್ತನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಆಗಲೂ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ ಲೆಕ್ಕ: ಪಾಂಗ್‌ಗೆ 75 ಕಿ.ಮೀ.ಗಿಂತ ಹೆಚ್ಚು, ಮಧ್ಯೆ ಎರಡು ಲಾ, ಮಧ್ಯಾಹ್ನದ ಮೇಲೆ ಎದುರುಗಾಳಿ. ಏಳಕ್ಕೆ ಬಿಡಬೇಕು.

ಏಳೂ ಕಾಲಿಗೆ ಬಿಟ್ಟೆವು.

ಮೊದಲ ಇಪ್ಪತ್ತಿಪ್ಪತ್ತೈದು ಕಿ.ಮೀ. ನದಿಯ ಪಕ್ಕ ಸಾಗುವ ರಸ್ತೆ. ಹೆಚ್ಚುಕಡಿಮೆ ಸಮತಟ್ಟು, ಅಲ್ಲಲ್ಲಿ ಡಾಂಬರು ಕಿತ್ತು ಜಲ್ಲಿ. ಇಂಥ ಕಡೆ ಅಗಲದ ಟೈರಿನ ಮೌಂಟನ್ ಬೈಕ್ ಇದ್ದರೆ ಚೆಂದ, ಟೈರಿಗೆ ಸ್ವಲ್ಪ ಗಾಳಿ ಕಡಿಮೆ ಇಟ್ಟರೆ ಕೈ ನೋಯುವುದಿಲ್ಲ. ಬೆಳಗಿನ ಬಿಸಿಲು ಗುಡ್ಡದ ತುದಿಯಿಂದ ನಿಧಾನ ಕೆಳಗಿಳಿದು ರಸ್ತೆಗೆ ಬಂದ ಕ್ಷಣ ಮೈಯೆಲ್ಲ ಬಿಚ್ಚಿಕೊಂಡಂತಾಯಿತು. ನಾನು ಹಾಡು ಗುನುಗುತ್ತಿದ್ದೆ. ಅಳಿಯ ಹಿಂದೆ ಸುಮ್ಮನೆ ಬರುತ್ತಿದ್ದ. ಸಿಂಹಗಡದ ದಾರಿಯಲ್ಲಿ ಆಫೀಸಿನ ಕಥೆ, ಸಿನಿಮಾ, ಕ್ರಿಕೆಟ್ ಎಂದು ಒಂದು ನಿಮಿಷ ಬಾಯಿ ಮುಚ್ಚದ ಹುಡುಗ ಅವನು.

*

ಗಾಟಾ ಲೂಪ್ಸ್ ಹೆಸರು ಸೈಕಲ್ ತುಳಿಯುವವರೆಲ್ಲ ಕೇಳಿರುತ್ತಾರೆ. ಒಂದು ಗುಡ್ಡದ ಮೈಮೇಲೆ 21 ಹೇರ್‌ಪಿನ್ ತಿರುವುಗಳು. ಸುಮಾರು 9 ಕಿ.ಮೀ. ರಸ್ತೆಯಲ್ಲಿ 450 ಮೀಟರಿಗೂ ಹೆಚ್ಚು ಎತ್ತರ ಹತ್ತುತ್ತದೆ. ಕೆಳಗೆ ನಿಂತು ನೋಡಿದರೆ ಗೋಡೆಯ ಮೇಲೆ ಮಕ್ಕಳು ಸೀಮೆಸುಣ್ಣದಿಂದ ಗೀಚಿದ ಹಾಗೆ ಕಾಣುತ್ತದೆ. ಒಂದೊಂದು ತಿರುವಿನಲ್ಲೂ ಕೆಳಗಿನ ರಸ್ತೆ, ಅದರ ಕೆಳಗಿನ ರಸ್ತೆ, ಅದರಲ್ಲಿ ಇರುವೆಯಂತೆ ಹತ್ತುವ ಲಾರಿಗಳು, ತೀರಾ ಕೆಳಗೆ ದಾರದಷ್ಟು ನದಿ.

ಇಲ್ಲಿ ತುಳಿಯುವ ಕ್ರಮವೇ ಬೇರೆ. ಅತಿ ಚಿಕ್ಕ ಗೇರು, ಗಂಟೆಗೆ ಐದಾರು ಕಿ.ಮೀ., ಅಂದರೆ ಜೋರಾಗಿ ನಡೆಯುವವನ ವೇಗ. ಮೂಗಿನಲ್ಲಿ ಉಸಿರಾಡಿ ಸಾಕಾಗುವುದಿಲ್ಲ. ಒಂದು ಗುಟುಕು ನೀರು ಕುಡಿಯಲು ಉಸಿರು ಹಿಡಿದರೆ ಮುಂದಿನ ಹತ್ತು ಉಸಿರು ಸಾಲ ತೀರಿಸಬೇಕು. ನನಗೆ ಆ ದಿನ ವಿಚಿತ್ರವಾಗಿ ಕಾಲು ಕೂಡಿ ಬಂದಿತ್ತು. ಒಂದು, ಎರಡು, ಮೂರು ಎಂದು ತಿರುವು ಎಣಿಸುತ್ತಾ ಹೋದೆ. ಐದನೆಯದರಲ್ಲಿ ಹಿಂದೆ ನೋಡಿದಾಗ ಅಳಿಯ ಎರಡು ತಿರುವು ಕೆಳಗಿದ್ದ. ಹನ್ನೊಂದರಲ್ಲಿ ನೋಡಿದಾಗ ಕಾಣಲಿಲ್ಲ.

ಒಪ್ಪಿಕೊಂಡುಬಿಡುತ್ತೇನೆ, ನನಗೆ ಖುಷಿಯಾಗಿತ್ತು. ಎರಡು ವರ್ಷದಿಂದ ಪ್ರತಿ ಭಾನುವಾರ ನನ್ನನ್ನು ಹಿಂದೆ ಹಾಕುತ್ತಿದ್ದ ಹುಡುಗ ಹಿಂದೆ ಬಿದ್ದಿದ್ದ.

ಹದಿನಾಲ್ಕೋ ಹದಿನೈದೋ ತಿರುವಿನಲ್ಲಿ ರಸ್ತೆ ಕೆಲಸದವರು ಕಲ್ಲು ಒಡೆಯುತ್ತಿದ್ದರು. ಗಡಿ ರಸ್ತೆ ಸಂಸ್ಥೆಯ ಕೆಲಸಕ್ಕೆ ಪ್ರತಿ ಬೇಸಿಗೆ ಜಾರ್ಖಂಡದ ದುಮ್ಕಾ ಕಡೆಯಿಂದ ಸಾವಿರಾರು ಜನ ಲಡಾಖಿಗೆ ಬರುತ್ತಾರೆ. ಡಾಂಬರಿನ ಹೊಗೆ, ಧೂಳು, ಮುಖಕ್ಕೆ ಸುತ್ತಿದ ಬಟ್ಟೆ. ನಮ್ಮ ಹಾಗೆ ಊರು ಬಿಟ್ಟು ಬಂದವರು ಎಂದು ಬರೆಯಲು ಹೊರಟು ನಿಲ್ಲಿಸಿದೆ. ನಮ್ಮ ಹಾಗೆ ಅಲ್ಲ. ಲಿಫ್ಟ್ ಇರುವ ಕಟ್ಟಡದಲ್ಲಿ ಕುಳಿತು ಹಾಗನ್ನಬಾರದು. ಅವರಲ್ಲಿ ಒಬ್ಬ ಕೈ ಎತ್ತಿ ನನ್ನನ್ನು ನಿಲ್ಲಿಸಿ ಹಿಂದಿಯಲ್ಲಿ ಹೇಳಿದ: "ನಿಮ್ಮ ಹುಡುಗ ಕೆಳಗಿನ ತಿರುವಿನಲ್ಲಿ ಕೂತುಬಿಟ್ಟಿದ್ದಾನೆ."

"ಬರುತ್ತಾನೆ, ಬರುತ್ತಾನೆ" ಅಂದು ತುಳಿದೆ.

ಮೇಲಿನ ತಿರುವುಗಳ ಹತ್ತಿರ ಒಂದು ಪುಟ್ಟ ಗುಡಿಯಂಥದ್ದಿದೆ. ಕಲ್ಲು ಜೋಡಿಸಿ ಮಾಡಿದ್ದು. ಸುತ್ತ ನೂರಾರು ನೀರಿನ ಬಾಟಲಿಗಳು, ಬಿಸ್ಕತ್ತಿನ ಪೊಟ್ಟಣ, ಸಿಗರೇಟು. ಲಾರಿಯವರು ಹೇಳುವ ಕಥೆ ಹೀಗೆ: ಎಷ್ಟೋ ವರ್ಷದ ಹಿಂದೆ, ಚಳಿಗಾಲಕ್ಕೆ ರಸ್ತೆ ಮುಚ್ಚುವ ಹೊತ್ತಿನಲ್ಲಿ ಇಲ್ಲೊಂದು ಲಾರಿ ಕೆಟ್ಟು ನಿಂತಿತು. ಡ್ರೈವರ್ ಸಹಾಯ ಹುಡುಕಿ ನಡೆದು ಹೋದ. ಕ್ಲೀನರ್ ಹುಡುಗನಿಗೆ ಮೈ ಹುಷಾರಿರಲಿಲ್ಲ, ಅವನು ಲಾರಿ ಕಾಯುತ್ತಾ ಉಳಿದ. ಹಿಮ ಬಿದ್ದು ದಾರಿ ಮುಚ್ಚಿತು. ಡ್ರೈವರ್ ದಿನಗಳು ಕಳೆದು ವಾಪಸ್ ಬಂದಾಗ ಹುಡುಗ ಹಸಿವು, ಬಾಯಾರಿಕೆ, ಚಳಿಯಿಂದ ಸತ್ತಿದ್ದ. ಅವನನ್ನು ಅಲ್ಲೇ ಹೂಳಿದರು. ಆಮೇಲೆ ಹೋಗಿ ಬರುವವರ ಹತ್ತಿರ ಒಬ್ಬ ಹುಡುಗ ನೀರು ಕೇಳುತ್ತಾನೆ ಎಂದು ಸುದ್ದಿ ಹಬ್ಬಿತು. ಅಂದಿನಿಂದ ಈ ದಾರಿಯ ಡ್ರೈವರುಗಳು ನೀರು ಇಟ್ಟು ಹೋಗುತ್ತಾರೆ.

ನಾನು ದೆವ್ವ ನಂಬುವವನಲ್ಲ. ಆ ರಾಶಿ ಪ್ಲಾಸ್ಟಿಕ್ ನೋಡಿ ಸಿಟ್ಟು ಬಂತು. ಒಂದು ಫೋಟೊ ತೆಗೆದುಕೊಂಡು ಮುಂದೆ ಹೋದೆ.

21ನೆಯ ತಿರುವು ಮುಗಿದು ರಸ್ತೆ ಸ್ವಲ್ಪ ಸಮವಾಗುವಲ್ಲಿ ಕುಳಿತು ಅಳಿಯನಿಗೆ ಕಾದೆ. ಮೊದಲ ಹತ್ತು ನಿಮಿಷ ಜಂಬ. ಮುಂದಿನ ಹತ್ತು ನಿಮಿಷ ಬೇಸರ. ಮುಕ್ಕಾಲು ಗಂಟೆಯಾದ ಮೇಲೆ ಹೊಟ್ಟೆಯಲ್ಲಿ ಏನೋ ಒಂಥರಾ ಆಗತೊಡಗಿತು. ಅವನು ಬಂದಾಗ ಸೈಕಲ್ ತಳ್ಳಿಕೊಂಡು ಬಂದ. ಅವನು ಸೈಕಲ್ ತಳ್ಳಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಏನಾತೋ?"

"ಏನಿಲ್ರಿ ಮಾಮಾ. ನಿದ್ದಿ ಬರಾಕತ್ತದ ಅಷ್ಟ. ನೀವು ನಡೀರಿ."

*

ನಾಕೀ ಲಾ ಸುಮಾರು 4,740 ಮೀಟರ್. ಅಲ್ಲಿಗೆ ತಲುಪುವಾಗ ಮಧ್ಯಾಹ್ನ ಎರಡು. ಅಲ್ಲಿಂದ ಸ್ವಲ್ಪವೇ ಇಳಿದರೆ ವಿಸ್ಕಿ ನಾಲಾ ಎಂಬ ಜಾಗ. ಇದಕ್ಕಿಂತ ಹಿಂದೆ ಒಂದು ಬ್ರಾಂಡಿ ನಾಲಾ ಕೂಡ ಇದೆ. ಹೆಸರು ಯಾಕೆ ಬಂತೆಂದು ಡಾಬಾಕ್ಕೊಂದು ಕಥೆ. ಬೇಸಿಗೆಯ ನಾಲ್ಕು ತಿಂಗಳು ಮಾತ್ರ ನಿಲ್ಲುವ ಮೂರು ನಾಲ್ಕು ಡೇರೆ ಡಾಬಾಗಳು, ಅಷ್ಟೇ ಊರು. ಇಳಿಜಾರಿನಲ್ಲಿ ಅಳಿಯನ ಸೈಕಲ್ ಎರಡು ಸಲ ರಸ್ತೆಯ ಅಂಚಿಗೆ ಹೋದದ್ದನ್ನು ನೋಡಿದೆ. ಆ ಅಂಚಿನ ಆಚೆ ಏನೂ ಇಲ್ಲ. ಆಗ ನನಗೆ ಮೊದಲ ಸಲ ಭಯವಾಯಿತು.

ಡಾಬಾದ ಮುಂದೆ ಇಳಿದ. ಕೈಗವಸು ಬಿಚ್ಚಲು ಹೋಗಿ, ವೆಲ್ಕ್ರೋ ಪಟ್ಟಿಯನ್ನು ಎಷ್ಟು ಹೊತ್ತು ಎಳೆದರೂ ಬಿಚ್ಚಲಾಗದೆ ಹಾಗೇ ನಿಂತ. ಬೆರಳಿಗೆ ಮೀಟರ್ ಹಾಕಿದೆ, ಈ ಸಲ ಕೈ ಬಿಸಿ ಮಾಡಿ. ನನಗೆ 81. ಅವನಿಗೆ 66.

ಪುಣೆಯ ಡಾಕ್ಟರು ಹೊರಡುವ ಮುಂಚೆ ಒಂದು ಪರೀಕ್ಷೆ ಕಲಿಸಿದ್ದರು. ಒಂದು ಗೆರೆಯ ಮೇಲೆ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ ಹೆಜ್ಜೆ ಇಟ್ಟು ನಡೆಯಬೇಕು. ತಲೆನೋವು, ವಾಂತಿ, ಹಸಿವಿಲ್ಲದಿರುವುದು, ಇವೆಲ್ಲ ಎತ್ತರದ ಕಾಯಿಲೆಯ ಮೊದಲ ಹಂತ; ನಿಂತರೆ, ಕಾದರೆ ಸಾಮಾನ್ಯವಾಗಿ ಹೋಗುತ್ತದೆ. ಆದರೆ ನೇರ ನಡೆಯಲು ಬಾರದಿದ್ದರೆ ಮೆದುಳಿಗೆ ಊತ ಬಂದಿದೆ ಎಂದೇ ತಿಳಿಯಬೇಕು. ಅದಕ್ಕೆ ಕಾಯುವ ಹಾಗಿಲ್ಲ.

ಬೂಟಿನ ಹಿಮ್ಮಡಿಯಿಂದ ಧೂಳಿನಲ್ಲಿ ಒಂದು ಗೆರೆ ಎಳೆದೆ. ಮೊದಲು ನಾನು ನಡೆದು ತೋರಿಸಿದೆ. ಅವನು ಹಲ್ಲು ಕಿರಿದು "ಕುಡದೀನಿ ಅಂತ ಮಾಡೀರೇನ ಮಾಮಾ, ವಿಸ್ಕಿ ನಾಲಾದಾಗ" ಅಂದ. ಒಂದು ಹೆಜ್ಜೆ. ಎರಡು. ಮೂರನೆಯದಕ್ಕೆ ವಾಲಿದ, ನಾನು ಹಿಡಿದುಕೊಂಡೆ. ಇನ್ನೊಮ್ಮೆ ಮಾಡಿಸಿದೆ. ಇನ್ನೊಮ್ಮೆಯೂ ಮೂರನೆಯದಕ್ಕೆ.

ಅವನ ನಗು ಹೋಗಿತ್ತು. "ಮಾಮಾ, ಜಿಂಗ್‌ಜಿಂಗ್‌ಬಾರದಿಂದಾನೂ ತಲಿ ನೋವು ಹೋಗಿಲ್ರಿ" ಅಂದ. "ಯಾಕ ಹೇಳಲಿಲ್ಲೋ?" ಅಂದೆ. "ನೀವು ಎಷ್ಟ ವರ್ಷದಿಂದ ಕಾಯಾಕತ್ತಿದ್ರಿ."

*

ಈಗ ಓದುತ್ತಿರುವ ನಿಮಗೆ ಉತ್ತರ ಸುಲಭ ಅನ್ನಿಸಬಹುದು: ಇಳಿದುಬಿಡಿ. ಆದರೆ ಈ ರಸ್ತೆಯ ತೊಡಕು ಅಲ್ಲೇ ಇದೆ. ಬಾರಾಲಾಚಾದಿಂದ ತಾಂಗ್ಲಾಂಗ್‌ವರೆಗೆ ತಗ್ಗು ಅನ್ನುವ ಜಾಗವೇ ಇಲ್ಲ. ಮುಂದೆ ಪಾಂಗ್ 30 ಕಿ.ಮೀ., ಅಲ್ಲಿ ಸೈನ್ಯದ ಶಿಬಿರವಿದೆ. ಆದರೆ ಅಲ್ಲಿಗೆ ಹೋಗಲು 5,000 ಮೀಟರ್ ಮೀರಿದ ಲಾಚುಲುಂಗ್ ಲಾ ದಾಟಬೇಕು, ಪಾಂಗ್ ಕೂಡ 4,600 ಮೀಟರಿನಲ್ಲಿದೆ. ಹಿಂದೆ ಸರ್ಚು 4,300. ಅದಕ್ಕೂ ಕೆಳಗೆ ಹೋಗಬೇಕೆಂದರೆ 4,890 ಮೀಟರಿನ ಬಾರಾಲಾಚಾವನ್ನು ಮತ್ತೆ ದಾಟಬೇಕು. ಯಾವ ಕಡೆ ಇಳಿಯಬೇಕೆಂದರೂ ಮೊದಲು ಹತ್ತಬೇಕು. ಮೊಬೈಲ್ ಸಿಗ್ನಲ್ ನಾವು ಹೋದಾಗ ದಾರ್ಚಾದ ಹಿಂದೆಯೇ ನಿಂತುಹೋಗಿತ್ತು.

ಆಗ ನನ್ನ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೇ? "ಇವತ್ತ ಇಲ್ಲೇ ಮಲಗೋಣ. ಮುಂಜಾನೆ ನೋಡೂಣು." ಗೆರೆಯ ಪರೀಕ್ಷೆ ಮಾಡಿಸಿದವನೇ ನಾನು, ಅದರ ಅರ್ಥ ತಿಳಿದವನೂ ನಾನೇ. ಆದರೂ ಮನಸ್ಸು ಲೇಹ್‌ನ ಕಡೆಗೇ ವಾಲುತ್ತಿತ್ತು.

ಡಾಬಾದ ಹೆಂಗಸು ಲಡಾಖಿ, ಅರುವತ್ತರ ಹತ್ತಿರದ ವಯಸ್ಸು. ಬಂದ ಕೂಡಲೇ "ಜುಲೇ" ಅಂದು ಚಹಾ ಇಟ್ಟಿದ್ದಳು. ನಾವು ಗೆರೆಯ ಮೇಲೆ ನಡೆದದ್ದನ್ನು ಬಾಗಿಲಲ್ಲಿ ನಿಂತು ನೋಡಿದ್ದಳು. ಹಾಸಿಗೆ ಎಷ್ಟಕ್ಕೆ ಎಂದು ನಾನು ಕೇಳಿದೆ. ಅವಳು ತಲೆಯಾಡಿಸಿದಳು. "ನಿಮಗೆ ಬೇಕಾದರೆ ಮಲಗಿ. ಈ ಹುಡುಗನಿಗೆ ನಾನು ಹಾಸಿಗೆ ಕೊಡೋದಿಲ್ಲ" ಅಂದಳು. "ಇಂಥವರು ಮಲಗಿದರೆ ಬೆಳಗ್ಗೆ ಏಳೋದಿಲ್ಲ. ಕೆಳಗೆ ಕರೆದುಕೊಂಡು ಹೋಗಿ, ಈಗಲೇ."

ರಾತ್ರಿಯ ಮೂರು ಹಾಸಿಗೆಗಳ ದುಡ್ಡೇ ಅವಳ ದಿನದ ಸಂಪಾದನೆ. ಅದನ್ನು ಬೇಡವೆಂದು ಹೇಳಿ ರಸ್ತೆಗೆ ಹೋಗಿ ನಿಂತಳು.

ಡಾಕ್ಟರು ಬರೆದುಕೊಟ್ಟಿದ್ದ ಡೆಕ್ಸಾಮೆಥಾಸೋನ್ ಮಾತ್ರೆಯನ್ನು ಅವರು ಹೇಳಿದ್ದ ಲೆಕ್ಕದಲ್ಲಿ ಅಳಿಯನಿಗೆ ಕೊಟ್ಟೆ. "ಇದನ್ನು ಕೊಡುವ ಪರಿಸ್ಥಿತಿ ಬಂದರೆ ಆಮೇಲೆ ಇಳಿಯಲೇಬೇಕು, ಮಾತ್ರೆಯಿಂದ ಹುಷಾರಾಯಿತೆಂದು ಮೇಲೆ ಹೋಗಬೇಡಿ" ಎಂದು ಅವರು ಎರಡೆರಡು ಸಲ ಹೇಳಿದ್ದರು.

ಮೊದಲು ಬಂದದ್ದು ಲೇಹ್ ಕಡೆ ಹೋಗುವ ಒಂದು ಜೀಪು. ಪ್ರವಾಸಿಗರು ತುಂಬಿದ್ದರು. ಒಬ್ಬರಿಗೆ ಮಾತ್ರ ಜಾಗ ಮಾಡಬಹುದು, ಹುಡುಗನನ್ನು ಲೇಹ್ ಆಸ್ಪತ್ರೆಗೆ ಮುಟ್ಟಿಸುತ್ತೇವೆ ಎಂದರು. ಒಳ್ಳೆಯ ಜನ. ಲೇಹ್ 3,500 ಮೀಟರಿನಲ್ಲಿದೆ, ದೊಡ್ಡ ಆಸ್ಪತ್ರೆಯೂ ಇದೆ. ಆದರೆ ಮಧ್ಯೆ ಲಾಚುಲುಂಗ್, ಅದಾದ ಮೇಲೆ ಗಂಟೆಗಟ್ಟಲೆ ಎತ್ತರದ ಬಯಲು, ಅದಾದ ಮೇಲೆ 5,300 ಮೀಟರ್ ದಾಟಿದ ತಾಂಗ್ಲಾಂಗ್ ಲಾ. ಅವನೊಬ್ಬನೇ, ನಿದ್ದೆ ಬರುತ್ತಿದೆ ಎನ್ನುವ ಸ್ಥಿತಿಯಲ್ಲಿ, ಗುರುತಿಲ್ಲದವರ ನಡುವೆ. ಬೆಳಗ್ಗೆ ಕ್ಲೀನರ್ ಹುಡುಗನ ಬಾಟಲಿ ರಾಶಿಯ ಫೋಟೊ ತೆಗೆದಿದ್ದೆ. ಆ ಡ್ರೈವರನೂ ಕೆಟ್ಟವನೇನಲ್ಲವಲ್ಲ, ಸಹಾಯ ತರಲೆಂದೇ ಹೋಗಿದ್ದ.

ಜೀಪಿನವರಿಗೆ ಕೈಮುಗಿದು ಬೇಡ ಅಂದೆ.

ನಾಲ್ಕು ಗಂಟೆಗೆ ಮನಾಲಿ ಕಡೆ ಖಾಲಿ ಹೋಗುವ ಒಂದು ಲಾರಿ ಬಂತು. ಹೆಂಗಸು ರಸ್ತೆಯ ಮಧ್ಯೆ ನಿಂತು ನಿಲ್ಲಿಸಿದಳು. ಡ್ರೈವರ್ ಒಂದು ಮಾತೂ ಕೇಳಲಿಲ್ಲ. ಅಳಿಯನ ಮುಖ ನೋಡಿ, "ಕೀಲಾಂಗ್ ಆಸ್ಪತ್ರೆ" ಅಂದ. ಸೈಕಲ್ಲುಗಳು ಹಿಂದೆ ಹೋದವು, ನಾವು ಕ್ಯಾಬಿನ್ನಿನಲ್ಲಿ. ಚಹಾದ ದುಡ್ಡು ಕೊಡಲು ಹೋದರೆ ಅವಳು ತೆಗೆದುಕೊಳ್ಳಲಿಲ್ಲ.

*

ನಾಕೀ ಲಾ ಮತ್ತೆ ದಾಟಿ, ಗಾಟಾದ 21 ತಿರುವುಗಳನ್ನು ಈಗ ಮೇಲಿನಿಂದ ಕೆಳಗೆ ಎಣಿಸುತ್ತಾ ಬಂದೆ. ಅಳಿಯನ ತಲೆ ನನ್ನ ಭುಜದ ಮೇಲೆ. ಪ್ರತಿ ಎರಡು ನಿಮಿಷಕ್ಕೊಮ್ಮೆ ಅವನನ್ನು ಮಾತಾಡಿಸುತ್ತಿದ್ದೆ, ನಿದ್ದೆಗೆ ಬಿಡುತ್ತಿರಲಿಲ್ಲ. ನಿಮ್ಮ ಶಾಲೆಯ ಹೆಸರೇನು, ಸಪ್ತಾಪುರದಲ್ಲಿ ನಿಮ್ಮ ಮನೆಯ ಎದುರಿಗೆ ಯಾರಿದ್ದಾರೆ, ಏಳರ ಮಗ್ಗಿ ಹೇಳು. ಏಳರ ಮಗ್ಗಿಯಲ್ಲಿ ಏಳೇಳಲೆಗೆ ನಿಂತುಬಿಟ್ಟ.

ಗುಡಿಯ ಹತ್ತಿರ ಡ್ರೈವರ್ ಲಾರಿ ನಿಲ್ಲಿಸಿದ. ಸೀಟಿನ ಕೆಳಗಿನಿಂದ ನೀರಿನ ಬಾಟಲಿ ತೆಗೆದುಕೊಂಡು ಇಳಿದ. ತುಂಬಿದ ಬಾಟಲಿ ಇಡಲಿಲ್ಲ, ಕಲ್ಲಿನ ಮೇಲೆ ಸ್ವಲ್ಪ ನೀರು ಸುರಿದು ಬಾಟಲಿ ವಾಪಸ್ ತಂದ. ಅರ್ಧ ನಿಮಿಷದ ಕೆಲಸ. "ಪ್ರತಿ ಸಲ ನಿಲ್ಲಿಸುತ್ತೀರಾ?" ಕೇಳಿದೆ. "ನನ್ನ ಗಾಡಿಯಲ್ಲೂ ಒಬ್ಬ ಹುಡುಗ ಇರುತ್ತಾನೆ" ಅಂದ. "ಈ ಸಲ ಊರಿಗೆ ಹೋಗಿದ್ದಾನೆ."

ಸರ್ಚು ಬರುವಾಗ ಆರೂವರೆ. ಬಾರಾಲಾಚಾ ಏರುವಾಗ ಕತ್ತಲು. ಆ ಎರಡು ಗಂಟೆಗಳ ಬಗ್ಗೆ ಹೆಚ್ಚು ಬರೆಯಲಾರೆ. ಅವನು ಒಂದು ಸಲ ವಾಂತಿ ಮಾಡಿದ, ಒಂದು ಸಲ ನನ್ನನ್ನು ಅಪ್ಪ ಎಂದು ಕರೆದ. ನಾನು ಅಕ್ಕನಿಗೆ ಏನು ಹೇಳಲಿ ಎಂಬ ಒಂದೇ ವಾಕ್ಯವನ್ನು ತಲೆಯಲ್ಲಿ ಕಟ್ಟುತ್ತಿದ್ದೆ, ಕೆಡವುತ್ತಿದ್ದೆ.

ಜಿಂಗ್‌ಜಿಂಗ್‌ಬಾರ್ ದಾಟಿತು. ಪಾತ್ಸಿಯೋ ದಾಟಿತು. ಲಾರಿಯ ದೀಪದಲ್ಲಿ ದಾರ್ಚಾದ ಮರಗಳು ಕಂಡವು. ಸುಮಾರು 3,300 ಮೀಟರ್. ರಾತ್ರಿ ಹನ್ನೊಂದರ ಹತ್ತಿರ. ಭುಜದ ಮೇಲಿನ ತಲೆ ಎದ್ದಿತು.

"ಮಾಮಾ, ಹೋಳಿಗಿ ಅದಾವೇನ್ರಿ?"

ಡಬ್ಬಿ ಹಿಂದೆ ಸೈಕಲ್ಲಿನ ಚೀಲದಲ್ಲಿತ್ತು. ಡ್ರೈವರ್‌ಗೆ ಲಾರಿ ನಿಲ್ಲಿಸಲು ಹೇಳಿದೆ. ಮೂವರೂ ರಸ್ತೆಯ ಬದಿಯಲ್ಲಿ ಕುಳಿತು ಎರಡೆರಡು ಹೋಳಿಗೆ ತಿಂದೆವು. ಡ್ರೈವರ್ ಇದೇನು ಎಂದು ಕೇಳಿದ. ಕಡಲೆಕಾಯಿ, ಬೆಲ್ಲ ಎಂದು ಹಿಂದಿಯಲ್ಲಿ ಹೇಳಲು ಹೊರಟೆ, ಗಂಟಲು ಕಟ್ಟಿ ಹೇಳಲಾಗಲಿಲ್ಲ. ಅಳಿಯ ಹೇಳಿದ.

ಕೀಲಾಂಗ್ ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಆಕ್ಸಿಜನ್ ಹಾಕಿದರು. ಬೆಳಗ್ಗೆ ಡಾಕ್ಟರು ಅವನಿಗೆ ಗೆರೆಯ ಮೇಲೆ ನಡೆಯಲು ಹೇಳಿದರು. ಹತ್ತು ಹೆಜ್ಜೆ, ನೇರ. ನನ್ನ ಕಡೆ ತಿರುಗಿ, ಯಾವ ಯಾವ ರಾತ್ರಿ ಎಲ್ಲೆಲ್ಲಿ ಮಲಗಿದಿರಿ ಎಂದು ಕೇಳಿದರು. ಹೇಳಿದೆ. ಅವರು ಬರೆದುಕೊಂಡರು, ಬೈಯಲಿಲ್ಲ. ಎರಡು ದಿನ ಅಲ್ಲೇ ಇದ್ದು, ಬಸ್ಸಿನಲ್ಲಿ ಮನಾಲಿಗೆ ಇಳಿದೆವು.

*

ಪ್ರಶ್ನೆ ಕೇಳಿದ ಓದುಗರಿಗೆ ಈಗ ಉತ್ತರ. ಖಂಡಿತ ಹೋಗಿ. ಅಂಥ ರಸ್ತೆ ಇನ್ನೊಂದಿಲ್ಲ. ಆದರೆ ರಜೆ ಹನ್ನೆರಡು ದಿನ ಸಿಕ್ಕರೆ ಒಂಬತ್ತು ದಿನದ ದಾರಿಗೆ ಯೋಜನೆ ಹಾಕಿ, ಉಳಿದ ಮೂರನ್ನು ಮುಟ್ಟಬೇಡಿ. ಅಷ್ಟು ರಜೆ ಸಿಗದಿದ್ದರೆ ಕೀಲಾಂಗ್, ಜಿಸ್ಪಾವರೆಗೆ ಹೋಗಿ ಬನ್ನಿ, ಅದೂ ಚೆಂದ. ಜಿಸ್ಪಾದಲ್ಲಿ ಎರಡು ರಾತ್ರಿ, ಪಾತ್ಸಿಯೋದಲ್ಲಿ ಒಂದು ರಾತ್ರಿ ಬಿಡಲೇಬೇಡಿ. ಔಷಧದ ವಿಷಯ ನಿಮ್ಮ ಡಾಕ್ಟರನ್ನು ಕೇಳಿಯೇ ತಿಳಿಯಿರಿ, ನನ್ನ ಅಂಕಣ ನೋಡಿ ಅಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ಇರುವವನನ್ನು ಮುಂದೆ ಬಿಡಿ. ಉಳಿದವರು ಅವನ ಹಿಂದೆ. ನಮ್ಮ ಸಿಂಹಗಡದ ಭಾನುವಾರದ ಗುಂಪಿನಲ್ಲಿ ಈಗ ಅದೇ ನಿಯಮ. ಯಾಕೆ ಎಂದು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಕೊನೆಯದಾಗಿ ಒಂದು ಮಾತು. ಅಕ್ಕನಿಗೆ ನಾವು ಅಂದು ಹೇಳಿದ್ದು, "ಸ್ವಲ್ಪ ತಲಿನೋವು ಬಂತು, ರಜಾನೂ ಮುಗದಿತ್ತು, ಬಂದಬಿಟ್ವಿ" ಅಂತ. ಅವಳು "ಶಾಣ್ಯಾತನ ಮಾಡಿದ್ರಿ" ಅಂದಳು. ಆ ಮಾತು ಮೂರು ವರ್ಷದಿಂದ ನನ್ನ ಗಂಟಲಲ್ಲಿ ಕುಳಿತಿದೆ. ಇದನ್ನು ಬರೆಯಲೇ ಎಂದು ಅಳಿಯನನ್ನು ಕೇಳಿದೆ. ಈಗ ಅವನು ಬೆಂಗಳೂರಿನಲ್ಲಿದ್ದಾನೆ. "ಬರೀರಿ ಮಾಮಾ, ಆದ್ರ ಏಳರ ಮಗ್ಗಿದು ಬಿಡ್ರಿ" ಅಂದ. ಅದೊಂದನ್ನು ಬಿಡಲಾಗಲಿಲ್ಲ.

ಅಕ್ಕ ಈ ಪತ್ರಿಕೆಯನ್ನು ಪ್ರತಿ ತಿಂಗಳು ಫೋನಿನಲ್ಲಿ ಓದುತ್ತಾಳೆ, ನನ್ನ ಅಂಕಣವನ್ನು ಮೊದಲು. ಅಕ್ಕಾ, ಓದಿ ಮುಗಿಸಿದ ಮೇಲೆ ಫೋನ್ ಮಾಡು. ಅವನಿಗೆ ಅಲ್ಲ, ನನಗೆ.